ಮೇಜು ತಿರುಗಿಸಿದ್ದು ಯಾರು?

1853ರಲ್ಲಿ ಲಂಡನ್ನಿಗೆ ಹೊಸ ಹುಚ್ಚು ಹಿಡಿದಿತ್ತು. ನಾಲ್ಕಾರು ಜನ ಸುತ್ತ ಕುಳಿತು ಅಂಗೈ ಊರಿದರೆ ಸಾಕು, ಮೇಜು ತಾನಾಗಿಯೇ ತಿರುಗುತ್ತಿತ್ತು! ಕೆಲವರು ಪ್ರೇತಾತ್ಮ ಎಂದರು, ಕೆಲವರು ವಿದ್ಯುತ್ ಎಂದರು. ವಿದ್ಯುತ್ ಎಂದ ಮೇಲೆ ಎಲ್ಲರೂ ಮೈಕೆಲ್ ಫ್ಯಾರಡೆ ಕಡೆ ನೋಡಿದರು.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಕಮ್ಮಾರನ ಮಗನಾಗಿ. 14ನೇ ವಯಸ್ಸಿಗೆ ಬುಕ್ ಬೈಂಡಿಂಗ್ ಕೆಲಸಕ್ಕೆ ಸೇರಿ, ಅಲ್ಲಿಗೆ ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತರು. ಹಂಫ್ರಿ ಡೇವಿ ಅವರ ಉಪನ್ಯಾಸಗಳನ್ನು ಬರೆದುಕೊಂಡು, ಬೈಂಡ್ ಮಾಡಿ ಅವರಿಗೇ ಕಳಿಸಿದರು. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನ ಕೆಲಸ ಸಿಕ್ಕಿತು. 1831ರಲ್ಲಿ ಅವರು ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇಂದಿನ ಜನರೇಟರ್, ಟ್ರಾನ್ಸ್‌ಫಾರ್ಮರ್‌ಗಳಿಗೆ ಮೂಲ.

ಇಂಥವರು ಮೇಜಿನ ಸುದ್ದಿ ಕೇಳಿ ನಕ್ಕು ಸುಮ್ಮನಾಗಲಿಲ್ಲ. ಎರಡು ಹಲಗೆಗಳ ನಡುವೆ ಗಾಜಿನ ಉರುಳೆಗಳನ್ನಿಟ್ಟು, ರಬ್ಬರ್ ಬ್ಯಾಂಡ್ ಬಿಗಿದು ಮೇಜಿನ ಮೇಲಿಟ್ಟರು. ಕುಳಿತವರ ಕೈ ಮೇಲಿನ ಹಲಗೆಯ ಮೇಲೆ. ಮೇಜು ಕೈಯನ್ನು ಎಳೆದರೆ ಕೆಳಗಿನ ಹಲಗೆ ಮೊದಲು ಸರಿಯಬೇಕು, ಕೈ ಮೇಜನ್ನು ತಳ್ಳಿದರೆ ಮೇಲಿನದು. ಮೊದಲು ಸರಿದದ್ದು ಮೇಲಿನದೇ. ಹಲಗೆ ಸರಿದರೆ ವಾಲುವ ಕಡ್ಡಿಯೊಂದನ್ನು ಎಲ್ಲರಿಗೂ ಕಾಣುವಂತೆ ಇಟ್ಟಾಗ ಮೇಜು ಅಲುಗಲೇ ಇಲ್ಲ. ಅವರು ಮೋಸ ಮಾಡಿರಲಿಲ್ಲ. ತಮಗೇ ಗೊತ್ತಿಲ್ಲದೆ ತಳ್ಳುತ್ತಿದ್ದರು.

ಫ್ಯಾರಡೆ ದೈವಭಕ್ತರು. ಆದರೂ ಮೇಜಿನ ವಿಷಯದಲ್ಲಿ ಪರೀಕ್ಷೆಯನ್ನಷ್ಟೇ ನಂಬಿದರು. ಫಲಿತಾಂಶವನ್ನು ಟೈಮ್ಸ್ ಪತ್ರಿಕೆಗೆ ಬರೆದು ಜನರ ಮುಂದಿಟ್ಟರು. 1867ರಲ್ಲಿ ತೀರಿಕೊಂಡರು.

ಉತ್ತರ ಮೊದಲೇ ಗೊತ್ತಿದ್ದರೆ ಲ್ಯಾಬ್‌ನ ರೀಡಿಂಗ್ ಕೂಡ ಅದರತ್ತಲೇ ವಾಲುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪವಾಡವನ್ನು ಫಾರ್ವರ್ಡ್ ಮಾಡುವ ಮೊದಲು ಒಮ್ಮೆ ನೋಡಿಕೊಳ್ಳೋಣ: ಮೇಜು ತಿರುಗುತ್ತಿದೆಯೋ, ನಮ್ಮ ಕೈ ತಳ್ಳುತ್ತಿದೆಯೋ?