ಶಿಷ್ಯರ ಮೇಲೆ ಮುನಿದ ಗುರು: ಬಿಲ್ ಮನ್ರೋ

ಶಿಷ್ಯನಾದವನು ಗುರುವಿನ ವಿದ್ಯೆಯನ್ನು ಹೊತ್ತು ಪರಸ್ಥಳಕ್ಕೆ ಹೋಗಿ ಹೆಸರು ಪಡೆದರೆ ಗುರುವು ಹಿಗ್ಗಬೇಕೆಂಬುದು ಲೋಕದ ಮಾತು. ಆದರೆ ಹಾಗೆ ಹೋದವನು ಎದುರಿನಲ್ಲಿಯೇ ಅಂಗಡಿಯನ್ನು ತೆರೆದು, ಗುರುವಿನ ಅನ್ನಕ್ಕೆ ಪಾಲುಗಾರನಾಗಿ ನಿಂತರೆ ಆ ಹಿಗ್ಗು ಎಷ್ಟು ಮಂದಿಯಲ್ಲಿ ಉಳಿದೀತು? ಅಮೆರಿಕೆಯ ಕೆಂಟಕಿ ಸಂಸ್ಥಾನದ ಬಿಲ್ ಮನ್ರೋ ಎಂಬ ಸಂಗೀತಗಾರನ ಜೀವಿತವನ್ನು ಪರಿಶೀಲಿಸುವಾಗ ಈ ಪ್ರಶ್ನೆಯು ಮತ್ತೆ ಮತ್ತೆ ಎದುರಾಗುತ್ತದೆ. ಆ ದೇಶದಲ್ಲಿ ಬ್ಲೂಗ್ರಾಸ್ ಎಂದು ಹೆಸರಾದ ಸಂಗೀತಪದ್ಧತಿಗೆ ಆತನೇ ಮೂಲಪುರುಷನು. ಮ್ಯಾಂಡೊಲಿನ್, ಪಿಟೀಲು, ಬ್ಯಾಂಜೊ, ಗಿಟಾರು, ನೆಟ್ಟಗೆ ನಿಲ್ಲಿಸಿ ನುಡಿಸುವ ದೊಡ್ಡ ಮಂದ್ರವಾದ್ಯ, ಇವುಗಳ ಕೂಟ; ತಾರಸ್ಥಾಯಿಯಲ್ಲಿ ಏರುವ ಕಂಠ; ಕುದುರೆಯ ಓಟದಂತಹ ನಡೆ. ಕೇಳಿದವರಿಗೆ ಇದನ್ನು ಬೇರೊಂದೆಂದು ಭ್ರಮಿಸಲು ಅವಕಾಶವಿಲ್ಲ.

ಮನ್ರೋ 1911ನೆಯ ಇಸವಿ ಸೆಪ್ಟೆಂಬರ್ 13ರಂದು ರೋಸೀನ್ ಎಂಬ ಹಳ್ಳಿಯ ಸಮೀಪದ ಒಂದು ಒಕ್ಕಲು ಮನೆಯಲ್ಲಿ ಎಂಟು ಮಕ್ಕಳ ಪೈಕಿ ಕಡೆಯವನಾಗಿ ಹುಟ್ಟಿದನು. ಹುಟ್ಟಿನಿಂದ ಮೆಳ್ಳೆಗಣ್ಣು, ದೃಷ್ಟಿ ಮಂದ. ಅಪರಿಚಿತರು ಬಂದರೆ ನಗೆಗೆ ಅಂಜಿ ಕೊಟ್ಟಿಗೆಯಲ್ಲಿ ಅವಿತುಕೊಳ್ಳುವ ಹುಡುಗ. ಮನೆಯಲ್ಲಿ ಸಂಗೀತಕ್ಕೇನೂ ಬರವಿರಲಿಲ್ಲ. ತಾಯಿಯು ಪಿಟೀಲು ನುಡಿಸಬಲ್ಲವಳು, ಹಾಡಬಲ್ಲವಳು. ಅಣ್ಣಂದಿರಲ್ಲಿ ಬರ್ಚ್ ಪಿಟೀಲನ್ನೂ ಚಾರ್ಲಿ ಗಿಟಾರನ್ನೂ ಮೊದಲೇ ಹಿಡಿದುಕೊಂಡಿದ್ದುದರಿಂದ ಕಿರಿಯವನ ಪಾಲಿಗೆ ಯಾರಿಗೂ ಬೇಡವಾದ ಮ್ಯಾಂಡೊಲಿನ್ ಉಳಿಯಿತು. ಅದರಲ್ಲಿಯೂ ಸದ್ದು ಹೆಚ್ಚಾಗಬಾರದೆಂದು ಎಂಟು ತಂತಿಗಳಲ್ಲಿ ನಾಲ್ಕನ್ನು ಬಿಚ್ಚಿ ನುಡಿಸಬೇಕೆಂಬುದು ಅಣ್ಣಂದಿರ ಕಟ್ಟಪ್ಪಣೆ. ಮುಂದೆ ಆ ವಾದ್ಯವನ್ನು ಇಡೀ ಮೇಳದ ಮುಂದಾಳಾಗಿ ನಿಲ್ಲಿಸಿದವನು ಇದೇ ಹುಡುಗ ಎಂಬುದನ್ನು ನೆನೆದರೆ, ಆ ನಾಲ್ಕು ತಂತಿಗಳ ಅವಮಾನವು ಅವನ ಎದೆಯಿಂದ ಎಂದಿಗೂ ಇಳಿದಿರಲಾರದೆಂದು ನಮಗೆ ತೋರುತ್ತದೆ.

ಹತ್ತನೆಯ ವಯಸ್ಸಿನಲ್ಲಿ ತಾಯಿಯೂ, ಹದಿನಾರನೆಯ ವಯಸ್ಸಿನಲ್ಲಿ ತಂದೆಯೂ ತೀರಿಕೊಂಡರು. ಒಡಹುಟ್ಟಿದವರು ದುಡಿಮೆಗಾಗಿ ಚದುರಿದರು. ಆಗ ಅವನಿಗೆ ಆಶ್ರಯವಿತ್ತವನು ಸೋದರಮಾವನಾದ ಪೆಂಡಲ್ಟನ್ ವ್ಯಾಂಡಿವರ್. ಊರ ಮೇಲಿನ ದಿಬ್ಬದಲ್ಲಿ ಒಂದು ಸಣ್ಣ ಗುಡಿಸಲು, ಒಂದು ಹೇಸರಗತ್ತೆ, ಒಂದು ಪಿಟೀಲು. ಇಷ್ಟೇ ಆ ಮಾವನ ಆಸ್ತಿ. ಸುತ್ತಲಿನ ಹಳ್ಳಿಗಳ ಕುಣಿತದ ಕೂಟಗಳಿಗೆ ಮಾವನು ಹೊರಟರೆ ಅಳಿಯನು ಅದೇ ಹೇಸರಗತ್ತೆಯ ಬೆನ್ನೇರಿ ಹಿಂದೆ ಕುಳಿತು ಹೋಗಿ, ಪಿಟೀಲಿಗೆ ಗಿಟಾರಿನ ಒತ್ತು ಕೊಡುತ್ತಿದ್ದನು. ಪಾಠವೆಂಬುದು ಇಷ್ಟೇ. ಕೂತು ಕಲಿಸಿದವರಿಲ್ಲ, ಬರೆದು ಕೊಟ್ಟವರಿಲ್ಲ. ಮಾವನ ಕಮಾನಿನ ಚಲನೆಯೇ ಪುಸ್ತಕ.

ಎರಡನೆಯ ಗುರುವನ್ನು ಇಲ್ಲಿ ಹೇಳದೆ ಬಿಡುವುದು ಅನ್ಯಾಯವಾದೀತು. ಆರ್ನಾಲ್ಡ್ ಷುಲ್ಟ್ಸ್ ಎಂಬ ನೀಗ್ರೋ ಜನಾಂಗದ ಕಲಾವಿದನು ಆ ಕಲ್ಲಿದ್ದಲಿನ ಸೀಮೆಯಲ್ಲಿ ಗಿಟಾರು ಪಿಟೀಲುಗಳೆರಡರಲ್ಲಿಯೂ ನಿಪುಣನೆಂದು ಹೆಸರಾಗಿದ್ದನು. ಕರಿಯರು ಬಿಳಿಯರೊಡನೆ ಸಮನಾಗಿ ಕುಳಿತುಕೊಳ್ಳುವುದೇ ಅಪರಾಧವೆನಿಸಿದ್ದ ಆ ಕಾಲದಲ್ಲಿ ಬಿಳಿಯ ಹುಡುಗನಾದ ಮನ್ರೋ ಇವನ ಜೊತೆಗೆ ಕುಣಿತದ ಕೂಟಗಳಲ್ಲಿ ವಾದ್ಯ ನುಡಿಸಿದನು. ಬ್ಲೂಸ್ ಎಂಬ ಕರಿಯರ ದುಃಖಗೀತಗಳ ಛಾಯೆಯು ಮನ್ರೋವಿನ ಸಂಗೀತದಲ್ಲಿ ಕಡೆಯವರೆಗೂ ಉಳಿದುದು ಈ ಋಣದಿಂದ. ಷುಲ್ಟ್ಸ್ 1931ರಲ್ಲಿ ಮಡಿದನು. ಅವನ ನಾದವನ್ನು ಹಿಡಿದಿಟ್ಟ ಒಂದೇ ಒಂದು ಗ್ರಾಮಾಫೋನ್ ತಟ್ಟೆಯೂ ಇಲ್ಲ. ಶಿಷ್ಯನು ಬಾಯಿಬಿಟ್ಟು ಅವನ ಹೆಸರನ್ನು ಹೇಳುತ್ತಿದ್ದುದರಿಂದಲೇ ಇಂದು ಲೋಕಕ್ಕೆ ಆ ಹೆಸರು ಗೊತ್ತು.

ಮುಂದಿನ ಕೆಲವು ವರ್ಷಗಳನ್ನು ಬೇಗನೆ ದಾಟಬಹುದು. ಇಂಡಿಯಾನಾ ಸಂಸ್ಥಾನದ ಎಣ್ಣೆ ಶುದ್ಧಿಮಾಡುವ ಕಾರ್ಖಾನೆಯಲ್ಲಿ ಪೀಪಾಯಿಗಳನ್ನು ತೊಳೆದು ಪೇರಿಸುವ ಕೂಲಿ. 1934ರಿಂದ ಅಣ್ಣ ಚಾರ್ಲಿಯೊಡನೆ ರೇಡಿಯೋ ಹಾಡುಗಾರಿಕೆ. 1936ರಿಂದ 1938ರೊಳಗೆ ಅರವತ್ತು ಹಾಡುಗಳ ಮುದ್ರಣ. ಆಮೇಲೆ ಅಣ್ಣತಮ್ಮಂದಿರ ಜಗಳ, ಪಾಲು. ಬೇರೆಯಾದ ತಮ್ಮನು ತನ್ನ ನಾಡಿನ ಹೆಸರಾಂತ ಹುಲ್ಲಿನ ಹೆಸರನ್ನೇ ಹಿಡಿದು ಬ್ಲೂ ಗ್ರಾಸ್ ಬಾಯ್ಸ್ ಎಂಬ ಮೇಳವನ್ನು ಕಟ್ಟಿ, 1939ರ ಅಕ್ಟೋಬರಿನಲ್ಲಿ ನಾಷ್‌ವಿಲ್ ನಗರದ ಗ್ರ್ಯಾಂಡ್ ಓಲ್ ಆಪ್ರಿ ಎಂಬ ರೇಡಿಯೋ ಸಭೆಗೆ ಸೇರಿದನು.

ಅಲ್ಲಿಂದ ಅವನ ಮನೆ ಎಂದರೆ ಮೋಟಾರುಗಾಡಿ. ಶನಿವಾರ ರಾತ್ರಿ ನಾಷ್‌ವಿಲ್ಲಿನ ರಂಗದಲ್ಲಿ ಹಾಡಿ ಮುಗಿಸಿ, ಆ ರಾತ್ರಿಯೇ ಗಾಡಿಯನ್ನು ಹತ್ತಿ ನೂರಾರು ಮೈಲಿ ಓಡಿ, ವಾರವೆಲ್ಲ ಊರೂರಿನಲ್ಲಿ ಹಾಡಿ, ಮುಂದಿನ ಶನಿವಾರಕ್ಕೆ ಹಿಂದಿರುಗಬೇಕು. ಯುದ್ಧಕಾಲದಲ್ಲಿ ಆತನು ಸ್ವಂತ ಡೇರೆಯನ್ನೇ ಕೊಂಡನು. ವಾದ್ಯಗಾರರೇ ಗೂಟ ಹೊಡೆಯಬೇಕು, ಡೇರೆ ಎತ್ತಬೇಕು. ಹಗಲಿನಲ್ಲಿ ಊರ ಹುಡುಗರ ತಂಡದೊಡನೆ ಬೇಸ್‌ಬಾಲ್ ಪಂದ್ಯ. ಪಂದ್ಯವನ್ನು ನೋಡಲು ಕೂಡಿದ ಜನರೇ ರಾತ್ರಿಯ ಗಾನಕ್ಕೆ ಗಿರಾಕಿಗಳು! ಬಿಡುವು ಸಿಕ್ಕಿದರೆ ಯಜಮಾನನ ಹೊಲದಲ್ಲಿಯೂ ಮೈ ಬಗ್ಗಿಸಬೇಕು. ಸಂಬಳ ಸಾಲದೆಂಬ ಗೊಣಗಾಟ ತಪ್ಪಿದ್ದಲ್ಲ. ಆದರೂ ತರುಣರು ಬಂದರು. ಅವರಿಗೆ ದೊರೆತ ಬೋಧನೆಯು ಮಾವನು ಅಳಿಯನಿಗೆ ಕೊಟ್ಟಂತಹುದೇ. ಮನ್ರೋ ಇದು ಹೀಗೆ, ಅದು ಹಾಗೆ ಎಂದು ವಿವರಿಸಿದವನಲ್ಲ. ಪಕ್ಕದಲ್ಲಿ ನಿಂತು ಮ್ಯಾಂಡೊಲಿನ್ನಿನ ತಂತಿಗಳನ್ನು ಎದುರುತಾಳದಲ್ಲಿ ಕಡಿದಂತೆ ಹೊಡೆಯುತ್ತ ಲಯವನ್ನು ಹಿಡಿಯುವನು. ಜೊತೆಗಾರನು ಆ ವೇಗಕ್ಕೆ ಏರಬೇಕು, ಇಲ್ಲವೇ ಬಿಡಬೇಕು.

1945ರಲ್ಲಿ ಲೆಸ್ಟರ್ ಫ್ಲಾಟ್ ಎಂಬ ಗಾಯಕನೂ, ಆ ವರ್ಷದ ಕಡೆಯಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ಇಪ್ಪತ್ತೊಂದು ವರ್ಷದ ತರುಣನೂ ಬಂದು ಸೇರಿದರು. ಸ್ಕ್ರಗ್ಸ್ ಮೂರು ಬೆರಳುಗಳಿಂದ ಬ್ಯಾಂಜೊವನ್ನು ನುಡಿಸುತ್ತಿದ್ದ ಬಗೆಯು ಕೇಳುಗರನ್ನು ದಿಗ್ಭ್ರಾಂತರನ್ನಾಗಿಸಿತು. ಆ ಕೈಚಳಕವು ಅವನು ತನ್ನ ಉತ್ತರ ಕೆರೊಲಿನಾದಿಂದ ತಂದ ಬುತ್ತಿಯೇ ಹೊರತು ಮನ್ರೋ ಉಣಿಸಿದುದಲ್ಲ. ಇದನ್ನು ಒಪ್ಪಿಕೊಳ್ಳುವುದು ನ್ಯಾಯ. 1946 ಮತ್ತು 1947ರಲ್ಲಿ ಈ ಕೂಟವು ಮುದ್ರಿಸಿದ ಹಾಡುಗಳೇ ಪದ್ಧತಿಗೆ ಅಚ್ಚಾದವು. 1948ರ ಆದಿಯಲ್ಲಿ ಸ್ಕ್ರಗ್ಸ್, ಅವನ ಹಿಂದೆಯೇ ಫ್ಲಾಟ್, ಇಬ್ಬರೂ ಮೇಳವನ್ನು ತೊರೆದು ತಮ್ಮದೇ ಆದ ಮೇಳವನ್ನು ಕಟ್ಟಿದರು. ಅದೇ ವರ್ಷ ಸ್ಟ್ಯಾನ್ಲೀ ಸಹೋದರರೆಂಬ ಇನ್ನಿಬ್ಬರು, ಮನ್ರೋ ಸಭೆಗಳಲ್ಲಿ ಹಾಡುತ್ತಿದ್ದ ಒಂದು ಹಾಡನ್ನು ಅವನ ತಟ್ಟೆಯು ಹೊರಬೀಳುವ ಮೊದಲೇ ಅವನ ಶೈಲಿಯಲ್ಲಿಯೇ ಮುದ್ರಿಸಿ ಮಾರಿದರು. ಅವರನ್ನು ಕೊಲಂಬಿಯಾ ಕಂಪೆನಿಯು ಸೇರಿಸಿಕೊಂಡಾಗ ಮನ್ರೋ ಆ ಕಂಪೆನಿಯನ್ನೇ ಬಿಟ್ಟು ಡೆಕ್ಕಾಗೆ ಹೋದನು. ಫ್ಲಾಟನೊಡನೆ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಮಾತನ್ನೇ ಆಡಲಿಲ್ಲ. ಒಂದೇ ರಂಗದ ಹಿಂದೆ ಎದುರುಬದುರಾದಾಗಲೂ ಮುಖ ತಿರುಗಿಸಿ ಹೋದನು.

ಈ ಹಟವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅದರ ಕಾರಣವನ್ನು ಅರಿಯದೆ ತೆಗಳುವುದೂ ತರವಲ್ಲ. ಹಾಡಿಗೆ ಒಡೆತನವುಂಟು, ಅದಕ್ಕೆ ಕಾಯಿದೆಯೂ ಉಂಟು. ಧಾಟಿಗೆ ಯಾವ ಒಡೆಯನು? ಅವನು ಅನಾಥನಾಗಿ ಬೆಳೆದು ಗಳಿಸಿದ ಏಕೈಕ ಸೊತ್ತು ಆ ಧಾಟಿ. ವಿಚಿತ್ರವೆಂದರೆ, 1954ರಲ್ಲಿ ಎಲ್ವಿಸ್ ಪ್ರೆಸ್ಲಿ ಎಂಬ ಹೊಸ ಹುಡುಗನು ಮನ್ರೋವಿನ ನಿಧಾನಗತಿಯ ಹಾಡೊಂದನ್ನು ಚುರುಕುಗತಿಗೆ ತಿರುಗಿಸಿ ಹಾಡಿದಾಗ ಆತನು ಕೋಪಗೊಳ್ಳಲಿಲ್ಲ. ತಾನೂ ಅದನ್ನು ಅರ್ಧ ನಿಧಾನವಾಗಿ, ಅರ್ಧ ಚುರುಕಾಗಿ ಮತ್ತೆ ಮುದ್ರಿಸಿದನು. ಪರಕೀಯನು ಒಯ್ದರೆ ನೋವಿಲ್ಲ. ತನ್ನ ಮನೆಯಲ್ಲಿ ಉಂಡವನು ಒಯ್ದರೆ ಸಹಿಸಲಾಗದು.

ಆ ಹೊಸ ಸಂಗೀತದ ಅಬ್ಬರದಲ್ಲಿ ಮನ್ರೋವಿನ ಸಭೆಗಳು ಬಡವಾದವು. ಹಳೆಯ ಶಿಷ್ಯರ ಮೇಳವೇ ಹೆಚ್ಚು ಹೆಸರಾಯಿತು. ಆದರೆ ಹಾಗೆ ಹೋದವರೂ, ಅವರಿಂದ ಕಲಿತವರೂ ಊರೂರಿನಲ್ಲಿ ನುಡಿಸತೊಡಗಿದುದರಿಂದಲೇ 1950ರ ದಶಕದ ನಡುವೆ ಜನರು ಈ ಬಗೆಗೆ ಹೆಸರೊಂದನ್ನು ಇಡಬೇಕಾಯಿತು; ಅವರಿಟ್ಟ ಹೆಸರು ಮನ್ರೋವಿನ ಮೇಳದ್ದು. ಒಬ್ಬನೇ ನುಡಿಸುತ್ತಿದ್ದರೆ ಅದು ಮನ್ರೋವಿನ ಹಾಡಾಗಿಯೇ ಅವನೊಡನೆ ಮುಗಿಯುತ್ತಿತ್ತು.

1963ರಲ್ಲಿ ರಾಲ್ಫ್ ರಿಂಜ್ಲರ್ ಎಂಬ ವಿದ್ಯಾವಂತ ತರುಣನು ಮನ್ರೋವಿನ ವ್ಯವಹಾರವನ್ನು ವಹಿಸಿಕೊಂಡು, ಯಾರ ವಿದ್ಯೆ ಯಾರಿಂದ ಬಂದಿತೆಂಬುದನ್ನು ನಗರಗಳ ಕಾಲೇಜು ಜನಕ್ಕೆ ಬರೆದು ತಿಳಿಸಿದನು. ಹಳ್ಳಿಯವನ ಬಳಿಗೆ ಪಟ್ಟಣದ ಶಿಷ್ಯರು ಬಂದರು. ಬಾಸ್ಟನ್ ಕಡೆಯಿಂದ ಬಂದ ಬಿಲ್ ಕೀತ್ ಎಂಬ ಬ್ಯಾಂಜೊವಾದಕನನ್ನು ಮನ್ರೋ ಬ್ರ್ಯಾಡ್ ಎಂದೇ ಕರೆಯುತ್ತಿದ್ದನು. ಮೇಳದಲ್ಲಿ ಬಿಲ್ ಎಂಬುವನು ಒಬ್ಬನೇ ಇರಬೇಕಲ್ಲವೆ! ಹೀಗೆ ಬಂದು ಹೋದವರು ಒಟ್ಟು 150 ಮಂದಿಗೂ ಹೆಚ್ಚು.

1965ರ ಸೆಪ್ಟೆಂಬರಿನಲ್ಲಿ ವರ್ಜೀನಿಯಾದ ಫಿನ್‌ಕ್ಯಾಸಲ್ ಬಳಿಯ ಕುದುರೆಗಳ ಹೊಲದಲ್ಲಿ ಕಾರ್ಲ್‌ಟನ್ ಹೇನೀ ಎಂಬುವನು ಹಲವು ದಿನಗಳ ಉತ್ಸವವನ್ನು ಏರ್ಪಡಿಸಿದನು. ಮನ್ರೋವನ್ನು ರಂಗದ ಮೇಲೆ ನಿಲ್ಲಿಸಿ, ಅವನನ್ನು ಬಿಟ್ಟು ಹೋಗಿದ್ದವರನ್ನು ಕಾಲಾನುಕ್ರಮವಾಗಿ ಒಬ್ಬೊಬ್ಬರನ್ನಾಗಿ ಕರೆದು ಅವನ ಪಕ್ಕದಲ್ಲಿ ಹಾಡಿಸಿದನು. ಮ್ಯಾಕ್ ವೈಸ್‌ಮನ್, ಜಿಮ್ಮಿ ಮಾರ್ಟಿನ್, ಒಂದು ಕಾಲಕ್ಕೆ ವೈರಿಯೆನಿಸಿದ್ದ ಕಾರ್ಟರ್ ಸ್ಟ್ಯಾನ್ಲೀ, ಎಲ್ಲರೂ ಬಂದರು. ಫ್ಲಾಟ್ ಮಾತ್ರ ಇರಲಿಲ್ಲ. ಅವನು ಬಂದುದು 1971ರಲ್ಲಿ, ಇಂಡಿಯಾನಾದ ಬೀನ್ ಬ್ಲಾಸಮ್ಮಿನಲ್ಲಿ ಮನ್ರೋ ತಾನೇ ನಡೆಸುತ್ತಿದ್ದ ಉತ್ಸವಕ್ಕೆ. ಅಲ್ಲಿ ಇಬ್ಬರೂ ಕೈಕುಲುಕಿದರು, ಒಟ್ಟಿಗೆ ಹಾಡಿದರು.

ಮನ್ರೋ 1950ರಲ್ಲಿಯೇ ಮಾವನ ಹೆಸರಿನಲ್ಲಿ ಒಂದು ಹಾಡನ್ನು ಮುದ್ರಿಸಿದ್ದನು. 1973ರಲ್ಲಿ ರೋಸೀನಿನ ಸ್ಮಶಾನದಲ್ಲಿ ಮಾವನ ಸಮಾಧಿಗೆ ಕಲ್ಲನ್ನು ನಿಲ್ಲಿಸಿದನು. ಎಂಬತ್ತು ದಾಟಿದ ಮೇಲೂ ಊರಿಂದೂರಿಗೆ ಓಡುವುದನ್ನು ಬಿಟ್ಟವನಲ್ಲ. 1996ರ ವಸಂತದಲ್ಲಿ ಲಕ್ವ ಹೊಡೆಯಿತು. ಸೆಪ್ಟೆಂಬರ್ 9ರಂದು, ಎಂಬತ್ತೈದು ತುಂಬಲು ನಾಲ್ಕು ದಿನಗಳಿರುವಾಗ, ಟೆನೆಸ್ಸಿಯಲ್ಲಿ ದೇಹವನ್ನು ಬಿಟ್ಟನು. ಅವನನ್ನು ರೋಸೀನಿಗೆ ತಂದು ಮಾವನಿರುವ ಆ ಸ್ಮಶಾನದಲ್ಲಿಯೇ ಮಣ್ಣುಮಾಡಿದರು.