ಲೆಕ್ಕಣಿಕೆಯಿಂದ ಕತ್ತಿಗೆ: ದಿವಾನ್ ಪೂರ್ಣಯ್ಯನವರು

ರಾಜ್ಯೋತ್ಸವದ ಈ ಸುದಿನದಲ್ಲಿ ನಾವು ನಾಡಿನ ಅರಸರನ್ನು, ಕವಿಗಳನ್ನು, ಶರಣರನ್ನು, ದಾಸರನ್ನು ನೆನೆಯುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಪಾಂಡೇಸರಾದ ಬಣ್ಣದ ಗಿರಣಿಗಳಲ್ಲಿ, ಅಹಮದಾಬಾದು ಮತ್ತು ವಡೋದರಾದ ಕಾರ್ಖಾನೆ ಕಚೇರಿಗಳಲ್ಲಿ ದುಡಿದು ಬದುಕುತ್ತಿರುವ ನಮಗೆ, ಒಬ್ಬ ಗುಮಾಸ್ತರ ಚರಿತ್ರೆಯೂ ಅಷ್ಟೇ ಹತ್ತಿರವಾದುದು. ಹುಟ್ಟಿದ ಸೀಮೆಯನ್ನು ಬಿಟ್ಟು, ಅನ್ನವನ್ನರಸಿ ಮತ್ತೊಂದು ಸೀಮೆಗೆ ಬಂದು, ಅಂಗಡಿಯ ಲೆಕ್ಕ ಬರೆಯುತ್ತ ಬಾಳನ್ನು ಆರಂಭಿಸಿ, ನಡುವಯಸ್ಸಿನಲ್ಲಿ ದಂಡಿನ ಹೊಣೆ ಹೊತ್ತು, ಕೊನೆಗೆ ಒಂದು ರಾಜ್ಯವನ್ನೇ ನಡೆಸಿದ ಆ ಮಹನೀಯರು ಮೈಸೂರಿನ ದಿವಾನ್ ಪೂರ್ಣಯ್ಯನವರು.

ಅವರನ್ನು ಈ ಸಲ ನೆನೆಯುವುದಕ್ಕೆ ಇನ್ನೊಂದು ಕಾರಣವೂ ಉಂಟು. ಓದು ಮುಗಿಸಿ ಕೆಲಸ ಹಿಡಿದು, ಮನೆಮಕ್ಕಳಾದ ಮೇಲೆ, ಸೈನ್ಯದಲ್ಲಿ ಅಧಿಕಾರಿಯಾಗಬೇಕೆಂಬ ಹಳೆಯ ಆಸೆ ಕೆಲವರಲ್ಲಿ ಮತ್ತೆ ತಲೆಯೆತ್ತುತ್ತದೆ. ಕಾಲ ಮೀರಿತೆಂದು ಹಿರಿಯರು ಹೇಳುತ್ತಾರೆ. ಖಾಯಂ ಸೇನೆಯ ಮಟ್ಟಿಗೆ ಅದು ಬಹುಪಾಲು ನಿಜ. ಆದರೆ 1949ರಲ್ಲಿ ಸ್ಥಾಪನೆಯಾದ ಟೆರಿಟೋರಿಯಲ್ ಆರ್ಮಿ ಎಂಬ ಪ್ರಾದೇಶಿಕ ಸೇನೆಯಲ್ಲಿ, ಬೇರೆ ಉದ್ಯೋಗದಲ್ಲಿರುವ ಪದವೀಧರರಿಗೆ 42 ವರ್ಷದವರೆಗೂ ಅಧಿಕಾರಿಯಾಗುವ ದಾರಿ ತೆರೆದಿದೆ. ಹಾಗಿದ್ದರೆ ಪ್ರಶ್ನೆ ವಯಸ್ಸಿನದೊಂದೇ ಅಲ್ಲ. ಅರ್ಧ ದಾರಿಯಲ್ಲಿ ಕಸಬು ಬದಲಿಸುವವನು ತನ್ನ ಹಿಂದಿನ ಕಸಬಿನಿಂದ ಏನನ್ನು ಕೊಂಡೊಯ್ಯುತ್ತಾನೆ ಎಂಬುದೇ ಪ್ರಶ್ನೆ. ಇದಕ್ಕೆ ಪೂರ್ಣಯ್ಯನವರ ಬಾಳು ಒಂದು ಉತ್ತರವನ್ನು ಕೊಡುತ್ತದೆ.

ಪೂರ್ಣಯ್ಯನವರು 1746ರಲ್ಲಿ, ಇಂದು ತಮಿಳುನಾಡಿಗೆ ಸೇರಿರುವ ಸೀಮೆಯ ಒಂದು ಬಡ ಮಾಧ್ವ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ನಿಂತರು. ಕೈಬರಹ, ನೆನಪಿನ ಶಕ್ತಿ, ಹಲವು ಭಾಷೆಗಳ ಬಳಕೆ, ಇವೇ ಅವರ ಬಂಡವಾಳ. ವರ್ತಕರಿಗೆ ಅರಮನೆಯೊಡನೆ ವ್ಯವಹಾರವಿದ್ದುದರಿಂದ ಈ ಯುವಕರ ಜಾಣ್ಮೆ ಹೈದರ್ ಅಲಿಯ ಕಿವಿಗೆ ಬಿತ್ತು. ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮನುಷ್ಯರನ್ನು ಅಳೆಯುವ ಕಣ್ಣಿತ್ತು. ಹೀಗೆ ಪೂರ್ಣಯ್ಯನವರು ಖಜಾನೆಯ ಲೆಕ್ಕಪತ್ರಗಳಿಗೆ ಬಂದು, ಕೃಷ್ಣರಾಯರೊಡನೆ ಆ ಇಲಾಖೆಯ ಪ್ರಮುಖರಾದರು.

ತಡವಾಗಿ ಆಯುಧ ಹಿಡಿದವರು ಆ ಕಾಲದಲ್ಲಿ ಇವರೊಬ್ಬರೇ ಅಲ್ಲ. ಹೈದರನೇ 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ, ಇಪ್ಪತ್ತೇಳರ ಆಸುಪಾಸಿನಲ್ಲಿ, ಮೊದಲು ಯೋಧನಾಗಿ ಹೆಸರು ಪಡೆದವನು. ಇಂಗ್ಲಿಷರ ಕ್ಲೈವನು 1744ರಲ್ಲಿ ಮದರಾಸಿಗೆ ಬಂದದ್ದು ಕಂಪನಿಯ ಗುಮಾಸ್ತನಾಗಿ; ಸೇನೆಯ ಕೆಳದರ್ಜೆಯ ಅಧಿಕಾರಿಯಾದದ್ದು 1747ರಲ್ಲಿ. ಆದರೆ ಅವರಿಬ್ಬರೂ ತರುಣರು; ಕತ್ತಿ ಹಿಡಿದ ಮೇಲೆ ಅದನ್ನೇ ನಂಬಿದವರು. ಪೂರ್ಣಯ್ಯನವರಾದರೋ ನಲವತ್ತು ದಾಟಿದರೂ ಲೆಕ್ಕದ ಕಡತವನ್ನು ಕೆಳಗಿಡಲಿಲ್ಲ. ಅದನ್ನು ಹಿಡಿದುಕೊಂಡೇ ರಣರಂಗಕ್ಕೆ ಹೋದರು.

ದಂಡಿನ ವಿದ್ಯೆಯಲ್ಲಿ ಅವರಿಗಾದ ಮೊದಲ ದೊಡ್ಡ ಪರೀಕ್ಷೆ 1782ರದು. ಆಗ ಎರಡನೆಯ ಮೈಸೂರು ಯುದ್ಧ ನಡೆಯುತ್ತಿತ್ತು. ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ತೀರಿಕೊಂಡನು. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದನು. ಸುದ್ದಿ ಹೊರಬಿದ್ದರೆ ಭಾರಿ ಸೈನ್ಯ ಒಡೆದುಹೋಗುವುದು, ಶತ್ರು ಮೇಲೆ ಬೀಳುವುದು ಖಂಡಿತ. ಪೂರ್ಣಯ್ಯನವರೂ ಕೃಷ್ಣರಾಯರೂ ಇತರ ಮುಖಂಡರೊಡನೆ ಸೇರಿ ಮರಣವನ್ನು ಗುಟ್ಟಾಗಿಟ್ಟರು. ದೇಹವನ್ನು ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳುವ ಸಾಮಾನು ಸಾಗಿಸುವಂತೆ ಕೋಲಾರಕ್ಕೆ ಕಳುಹಿಸಲಾಯಿತು. ಪಾಳೆಯದ ದೈನಂದಿನ ಕೆಲಸಗಳು ಎಂದಿನಂತೆ ನಡೆದವು. ಟಿಪ್ಪುವಿನ ತಮ್ಮ ಅಬ್ದುಲ್ ಕರೀಮನನ್ನು ಮುಂದೆ ಮಾಡುವ ಸಂಚೊಂದು ಹುಟ್ಟಿದರೂ ಅದು ಹತ್ತಿಕ್ಕಲ್ಪಟ್ಟಿತು. ಟಿಪ್ಪು ಬಂದು ಸೇರಿದಾಗ ಸೈನ್ಯ ಇದ್ದಂತೆಯೇ ಇತ್ತು, ಖಜಾನೆಯೂ ಇದ್ದಂತೆಯೇ ಇತ್ತು. ಆಗ ಪೂರ್ಣಯ್ಯನವರಿಗೆ 36 ವರ್ಷ. ಒಂದು ಗುಂಡನ್ನೂ ಹಾರಿಸದೆ ದಂಡನ್ನು ಕಾಪಾಡಿದ ಕಾರ್ಯವಿದು.

ಟಿಪ್ಪುವಿನ ಆಳ್ವಿಕೆಯಲ್ಲಿ ಅವರ ಹೊಣೆ ಹಿಗ್ಗಿತು. ಸುಲ್ತಾನನು ರಾಜ್ಯಾಡಳಿತವನ್ನು ಹಲವು ಕಚೇರಿಗಳಾಗಿ ವಿಂಗಡಿಸಿದಾಗ, ಮೀರ್ ಮೀರಾನ್ ಎಂಬ ಸೇನಾ ಇಲಾಖೆ ಪೂರ್ಣಯ್ಯನವರ ಕೈಗೆ ಬಂದಿತು. ಬರಿಯ ಕಚೇರಿಯ ಅಧಿಕಾರವಲ್ಲ. ಅವರು ಪಡೆಯನ್ನು ಕರೆದುಕೊಂಡು ರಣಕ್ಕೂ ಹೋಗಬೇಕಾಯಿತು. ವೈದಿಕ ಆಚಾರದ ಮನೆಯಲ್ಲಿ ಹುಟ್ಟಿ, ಲೆಕ್ಕಣಿಕೆಯನ್ನೇ ಕುಲವಿದ್ಯೆಯೆಂದು ನಂಬಿದವರಿಗೆ ಇದು ಸುಲಭದ ತೀರ್ಮಾನವಾಗಿರಲಾರದು. ಅಪಾಯ ಎದುರಾಳಿಯ ಫಿರಂಗಿಯಿಂದ ಮಾತ್ರ ಬರುವಂಥದೂ ಆಗಿರಲಿಲ್ಲ. ಮೂರನೆಯ ಯುದ್ಧದ ನಡುವೆ, 1791ರಲ್ಲಿ, ಅವರ ಹಳೆಯ ಸಹೋದ್ಯೋಗಿ ಕೃಷ್ಣರಾಯರು ದ್ರೋಹದ ಸಂಶಯಕ್ಕೆ ಸಿಕ್ಕಿ ಪ್ರಾಣ ತೆತ್ತರು. ಅಂಥ ಕಾಲದಲ್ಲಿ ಪೂರ್ಣಯ್ಯನವರು ಸುಲ್ತಾನನ ನಂಬಿಕೆಯನ್ನು ಕಡೆಯವರೆಗೂ ಉಳಿಸಿಕೊಂಡರು.

ಲೆಕ್ಕಿಗನಿಗೆ ದಂಡಿನಲ್ಲಿ ಏನು ಕೆಲಸ ಎಂದು ಕೇಳುವವರುಂಟು. ಸೈನ್ಯವೆಂದರೆ ನಡೆಯುವ ಒಂದು ಪಟ್ಟಣ. ಕುದುರೆಗೆ ಹುರುಳಿ, ಎತ್ತಿಗೆ ಮೇವು, ಆಳಿಗೆ ಅಕ್ಕಿ, ಎಲ್ಲರಿಗೂ ನೀರು, ತಿಂಗಳಿಗೆ ಸಂಬಳ. ಇವುಗಳಲ್ಲಿ ಒಂದು ತಪ್ಪಿದರೂ ಶೂರರು ಊರ ದಾರಿ ಹಿಡಿಯುತ್ತಾರೆ, ಇಲ್ಲವೆ ದರೋಡೆಗಿಳಿಯುತ್ತಾರೆ. ಫಿರಂಗಿಯನ್ನು ಎಳೆಯುವ ಎತ್ತಿಲ್ಲದಿದ್ದರೆ ಫಿರಂಗಿ ಇದ್ದೂ ಇಲ್ಲದಂತೆ. ಮೈಸೂರಿನ ಅಮೃತಮಹಲ್ ಎತ್ತುಗಳು ಹೆಸರಾದದ್ದು ಈ ಕಾರಣದಿಂದಲೇ. ಮುಂದೆ ನಿಂತು ಹೊಡೆದಾಡುವ ಸೇನಾನಿಗಳು ಮೈಸೂರಿನಲ್ಲಿ ಹಲವರಿದ್ದರು. ದಂಡು ಹಸಿಯದಂತೆ, ಚದುರದಂತೆ ನೋಡಿಕೊಳ್ಳಬಲ್ಲವರು ವಿರಳವಾಗಿದ್ದರು. ಆ ವಿರಳರಲ್ಲಿ ಪೂರ್ಣಯ್ಯನವರು ಅಗ್ರಗಣ್ಯರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಸುಲ್ತಾನನು ಕೋಟೆಯೊಳಗೆ ಹೋರಾಡುತ್ತ ಮಡಿದನು. ಪೂರ್ಣಯ್ಯನವರಿಗೆ ಆಗ 53. ಅವರ ಮುಂದೆ ಎರಡೇ ದಾರಿ: ಉಳಿದ ಪಡೆಗಳನ್ನು ಕೂಡಿಸಿ ಕಾದುವುದು, ಇಲ್ಲವೆ ಶರಣಾಗಿ ನಾಡಿನ ಉಳಿವನ್ನು ನೋಡುವುದು. ಅವರು ಎರಡನೆಯದನ್ನು ಆರಿಸಿದರು. ಸುಲ್ತಾನನ ಮಗ ಫತೇ ಹೈದರನಿಗೇ ರಾಜ್ಯ ಕೊಡುವುದು ಒಳಿತೆಂದು ಮೊದಲಲ್ಲಿ ಇಂಗ್ಲಿಷರಿಗೆ ಸೂಚಿಸಿದವರು ಅವರೇ. ಅದು ನಡೆಯಲಿಲ್ಲ. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯನವರು ದಿವಾನರಾದರು. ಒಬ್ಬ ದೊರೆಯ ಉಪ್ಪುಂಡು ಅವನ ವೈರಿಗಳ ಕೈಕೆಳಗೆ ದಿವಾನಗಿರಿ ಮಾಡಿದರೆಂದು ಅವರನ್ನು ದೂರುವವರು ಅಂದಿನಿಂದ ಇಂದಿನವರೆಗೂ ಇದ್ದಾರೆ. ಆ ದೂರನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಒಡೆಯ ಬದುಕಿರುವವರೆಗೆ ಅವನ ದಂಡಿನಲ್ಲಿ ನಿಂತು, ಅವನು ಮಡಿದ ಮೇಲೆ ಅವನ ಮನೆತನದ ಪರವಾಗಿ ಮಾತನಾಡಿ, ಅದು ಸಾಗದಾಗ ಪ್ರಜೆಗಳ ಕೆಲಸಕ್ಕೆ ಕೈಹಾಕಿದವರನ್ನು ದ್ರೋಹಿಯೆಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಅವರ ಎದುರಿಗೆ ಒಡನೆಯೇ ಬಂದ ಸಮಸ್ಯೆ ಕೆಲಸ ಕಳೆದುಕೊಂಡ ಸೈನಿಕರದು. ಗಿರಣಿ ಮುಚ್ಚಿದಾಗ ಕೆಲಸಗಾರರ ಮನೆಗಳಲ್ಲಿ ಏನಾಗುತ್ತದೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಇಲ್ಲಿ ಮುಚ್ಚಿದ್ದು ಒಂದು ರಾಜ್ಯದ ದಂಡು. ಕೈಯಲ್ಲಿ ಆಯುಧ, ಹೊಟ್ಟೆಯಲ್ಲಿ ಹಸಿವು. ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆಯಾದ ಚನ್ನಗಿರಿಯ ಧೋಂಡಿಯ ವಾಘನು ಇಂಥವರನ್ನೇ ಕೂಡಿಸಿಕೊಂಡು ಸಾವಿರಾರು ಕುದುರೆಯ ಒಡೆಯನಾದನು. 1800ರಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅವನನ್ನು ತುಂಗಭದ್ರೆಯಾಚೆಗೂ ಬೆನ್ನಟ್ಟಿ, ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಸೋಲಿಸಿದನು. ಧೋಂಡಿಯ ಅಲ್ಲಿಯೇ ಮಡಿದನು. ಆ ದೀರ್ಘವಾದ ಬೆನ್ನಟ್ಟುವಿಕೆಗೆ ಮೈಸೂರಿನ ಕುದುರೆ, ಧಾನ್ಯ, ಎತ್ತುಗಳನ್ನು ಒದಗಿಸಿದವರು ಪೂರ್ಣಯ್ಯನವರು.

ಒಬ್ಬ ಧೋಂಡಿಯ ಸತ್ತರೆ ಇನ್ನೊಬ್ಬ ಹುಟ್ಟುವನು. ಆಳುಗಳಿಗೆ ಅನ್ನ ಕೊಡುವುದೇ ನಿಜವಾದ ಮದ್ದೆಂದು ಅವರು ಅರಿತಿದ್ದರು. ಆದುದರಿಂದ ಎರಡು ಏರ್ಪಾಡುಗಳನ್ನು ಬಲಪಡಿಸಿದರು. ಮೊದಲನೆಯದು ಕಂದಾಚಾರದ ಪಡೆ. ಸುಮಾರು ಇಪ್ಪತ್ತು ಸಾವಿರ ಮಂದಿ ಕಾಲಾಳುಗಳು ತಮ್ಮ ತಮ್ಮ ಊರುಗಳಲ್ಲೇ ಇದ್ದು, ಹೊಲಗದ್ದೆ ನೋಡಿಕೊಳ್ಳುತ್ತ, ಕಾವಲು ಕಾಯುತ್ತ, ಕರೆ ಬಂದಾಗ ಬಂದು ನಿಲ್ಲುವವರು. ಎರಡನೆಯದು ಸಿಲ್ಲೇದಾರರ ಕುದುರೆ ಪಡೆ. ಸಿಲ್ಲೇದಾರನು ಕುದುರೆಯನ್ನೂ ಆಯುಧವನ್ನೂ ತಾನೇ ತರುತ್ತಾನೆ. ಸರ್ಕಾರ ಸಂಬಳ ಕೊಡುತ್ತದೆ. ಕುದುರೆ ಸತ್ತರೆ ನಷ್ಟ ಅವನದು. ಆದುದರಿಂದ ಅದನ್ನು ಮನೆಯ ಮಗುವಿನಂತೆ ಸಾಕುತ್ತಾನೆ. ಲಾಯದ ಖರ್ಚು ಸರ್ಕಾರಕ್ಕೆ ಉಳಿಯುತ್ತದೆ, ಕುದುರೆಯೂ ಚೆನ್ನಾಗಿರುತ್ತದೆ. ಲೆಕ್ಕ ಬಲ್ಲವನ ಮನಸ್ಸು ಒಪ್ಪುವ ಏರ್ಪಾಡಿದು. ವರ್ಷಕ್ಕೆ 7 ಲಕ್ಷ ವರಹ ಕಪ್ಪವನ್ನು ಕಂಪನಿಗೆ ತೆರಬೇಕಾಗಿದ್ದ ರಾಜ್ಯಕ್ಕೆ ಉಳಿತಾಯ ಮಾತಿನ ವಿಷಯವಾಗಿರಲಿಲ್ಲ.

ಈ ಪಡೆ ನಾವಿರುವ ಗುಜರಾತಿನ ಚರಿತ್ರೆಗೂ ಸುತ್ತುಬಳಸಿ ತಾಕುತ್ತದೆ. 1803ರ ಮರಾಠಾ ಯುದ್ಧದಲ್ಲಿ ಮೈಸೂರಿನ ಕುದುರೆ ಸವಾರರು ವೆಲ್ಲೆಸ್ಲಿಯೊಡನೆ ಉತ್ತರಕ್ಕೆ ಹೋದರು. ಸೆಪ್ಟೆಂಬರ್ 23ರಂದು ಅಸ್ಸಾಯೆಯ ಕಾಳಗ ನಡೆಯಿತು. ಅದೇ ಯುದ್ಧದಲ್ಲಿ ಆಗಸ್ಟ್ ಕೊನೆಗೆ ಕಂಪನಿಯ ಬೇರೊಂದು ಪಡೆ ಭರೂಚನ್ನು ಹಿಡಿಯಿತು. ವರ್ಷದ ಕೊನೆಯ ಒಪ್ಪಂದದಲ್ಲಿ ಸಿಂಧಿಯಾ ಅದನ್ನು ಬಿಟ್ಟುಕೊಟ್ಟನು. ಸೂರತ್ತಿನಿಂದ ವಡೋದರಾಕ್ಕೆ ರೈಲಿನಲ್ಲಿ ಹೋಗುವಾಗ ನರ್ಮದೆಯನ್ನು ದಾಟುತ್ತಲೇ ಸಿಗುವ ಆ ಊರಿನ ಭವಿಷ್ಯ ನಿರ್ಧಾರವಾದ ಯುದ್ಧದಲ್ಲಿ ಕನ್ನಡ ನಾಡಿನ ಸವಾರರೂ ಇದ್ದರೆಂಬುದು ಸ್ಮರಣೀಯ. 1807ರ ಒಪ್ಪಂದದ ಮೂಲಕ ಮೈಸೂರು ಸದಾ 4,000 ಸವಾರರನ್ನು ಇಟ್ಟುಕೊಳ್ಳಬೇಕೆಂದು ಗೊತ್ತಾಯಿತು. ಅದೇ ವರ್ಷ ಪೂರ್ಣಯ್ಯನವರಿಗೆ ಯಳಂದೂರು ಜಹಗೀರು ದೊರೆಯಿತು. ವೆಲ್ಲೆಸ್ಲಿ 1805ರಲ್ಲಿ ದೇಶ ಬಿಡುವಾಗ ತನ್ನ ಭಾವಚಿತ್ರವನ್ನು ಅವರಿಗೆ ನೆನಪಿಗಾಗಿ ಕಳುಹಿಸಿದ್ದನು.

ಕೆರೆಗಳ ದುರಸ್ತಿ, ಕಾಲುವೆ, ರಸ್ತೆ, 1804ರಲ್ಲಿ ಮುಗಿದ ಶ್ರೀರಂಗಪಟ್ಟಣದ ಕಲ್ಲುಸೇತುವೆ ಮೊದಲಾದ ಅವರ ಕೆಲಸಗಳು ಪ್ರಸಿದ್ಧವಾಗಿವೆ. ದೋಷಗಳೂ ಇದ್ದವು. ಕಂದಾಯ ವಸೂಲಿಯಲ್ಲಿ ಬಿಗಿ ಹೆಚ್ಚು. ದಿವಾನಗಿರಿ ತಮ್ಮ ಮನೆತನದಲ್ಲೇ ಉಳಿಯಬೇಕೆಂಬ ಆಸೆಯೂ ಇತ್ತು. ಬೆಳೆದ ಅರಸರೊಡನೆ ಮನಸ್ತಾಪವಾಯಿತು. 1811ರಲ್ಲಿ ಅಧಿಕಾರವನ್ನು ಒಪ್ಪಿಸಿದಾಗ ಖಜಾನೆಯಲ್ಲಿ ಎರಡು ಕೋಟಿ ರೂಪಾಯಿಗೂ ಮೀರಿದ ಹಣವಿತ್ತು. ಮರುವರ್ಷ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದಲ್ಲಿ ಅವರು ಕಾಲವಾದರು.

ನಡುವಯಸ್ಸಿನಲ್ಲಿ ಸೇನೆಯ ಉಡುಪು ತೊಡಬೇಕೆ ಬೇಡವೆ ಎಂದು ಯೋಚಿಸುವ ನಮ್ಮ ಬಂಧುಗಳಿಗೆ ಈ ಚರಿತ್ರೆ ಹೋಗೆಂದೂ ಹೇಳುವುದಿಲ್ಲ, ನಿಲ್ಲೆಂದೂ ಹೇಳುವುದಿಲ್ಲ. ಇಪ್ಪತ್ತರ ಹುಡುಗನ ಕಾಲುಬಲದೊಡನೆ ಪೈಪೋಟಿ ಮಾಡಲು ಹೋಗುವುದಾದರೆ ಹೋಗದಿರುವುದೇ ಲೇಸು. ಇಷ್ಟು ವರ್ಷ ಗಿರಣಿಯಲ್ಲಿ, ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ಕಲಿತ ವಿದ್ಯೆ ದಂಡಿಗೆ ಬೇಕಾಗಿದ್ದರೆ, ಮನೆಯವರ ಒಪ್ಪಿಗೆಯಿದ್ದರೆ, ಪ್ರಾಣದ ಹೊಣೆಯನ್ನು ತಿಳಿದು ಹೊರುವ ಮನಸ್ಸಿದ್ದರೆ, ವಯಸ್ಸು ಅಡ್ಡಿಯಾಗಬೇಕಾಗಿಲ್ಲ. ಪೂರ್ಣಯ್ಯನವರು ಸೇನಾಧಿಕಾರಿಯಾಗಿ ಬೆಳೆದದ್ದು ಲೆಕ್ಕವನ್ನು ಮರೆತದ್ದರಿಂದಲ್ಲ, ಮರೆಯದಿದ್ದುದರಿಂದ. ಮೈಸೂರು ಸೀಮೆಗೆ ಹೊರಗಿನಿಂದ ದುಡಿಯಲು ಬಂದವರು ಆ ಸೀಮೆಯನ್ನು ತಮ್ಮದನ್ನಾಗಿ ಮಾಡಿಕೊಂಡದ್ದೂ ಹಾಗೆಯೇ, ತಾವು ಬಲ್ಲ ಕೆಲಸವನ್ನು ಅದಕ್ಕೆ ಧಾರೆಯೆರೆದು. ಗುಜರಾತಿನ ಅನ್ನವುಂಡು ಕನ್ನಡವನ್ನು ಉಳಿಸಿಕೊಂಡಿರುವ ನಮ್ಮೆಲ್ಲ ಕುಟುಂಬಗಳಿಗೆ ಈ ರಾಜ್ಯೋತ್ಸವದಂದು ಅವರ ನೆನಪು ಬಲವನ್ನು ಕೊಡಲಿ.