ಗೆಲಿಲಿಯೋ ಮಹಾಶಯನೂ ಬೀಳುವ ಕಲ್ಲಿನ ಲೆಕ್ಕವೂ

ಗೇಣೆತ್ತರದಿಂದ ಕಾಲ ಮೇಲೆ ಬಿದ್ದ ಕಲ್ಲು ತುಸು ನೋವನ್ನುಂಟುಮಾಡುವುದು. ಮಾಳಿಗೆಯ ಮೇಲಿಂದ ಬಿದ್ದ ಅದೇ ಕಲ್ಲು ಪ್ರಾಣವನ್ನೇ ಅಪಹರಿಸಬಹುದು. ನಡುವೆ ಕಲ್ಲಿನ ತೂಕವು ಹೆಚ್ಚಲಿಲ್ಲ. ಹೆಚ್ಚಿದುದು ಅದರ ವೇಗವು. ಇದು ಕೂಸುಗಳೂ ಬಲ್ಲ ಸಂಗತಿಯು. ಆದರೆ ಈ ವೇಗವು ಯಾವ ಕ್ರಮದಿಂದ ಹೆಚ್ಚುವುದೆಂಬ ಲೆಕ್ಕವು ಸರಿಯಾಗಿ ತಿಳಿದುಬಂದು ನಾಲ್ಕು ನೂರು ವರ್ಷಗಳಿಗಿಂತ ಸ್ವಲ್ಪ ಹೆಚ್ಚು ಕಾಲವಷ್ಟೇ ಆಗಿದೆ. ಅದನ್ನು ಕಂಡುಹಿಡಿದ ಮಹನೀಯನು ಇಟಲೀ ದೇಶದ ಗೆಲಿಲಿಯೋ ಗೆಲಿಲೇಯಿ ಎಂಬವನು. ಆತನ ಜೀವಿತವು ವಿದ್ಯಾವಂತರೆಲ್ಲರೂ ಮನನ ಮಾಡತಕ್ಕುದಾಗಿದೆ.

ಗೆಲಿಲಿಯೋ 1564ನೆಯ ಫೆಬ್ರವರಿ 15ರಂದು ಪೀಸಾ ಪಟ್ಟಣದಲ್ಲಿ ಜನಿಸಿದನು. ತಂದೆಯಾದ ವಿನ್ಚೆನ್ಜೋ ಸಂಗೀತಶಾಸ್ತ್ರಜ್ಞನು. ಪುರಾತನರು ಹೇಳಿದರೆಂಬಷ್ಟರಿಂದಲೇ ಯಾವ ಮಾತನ್ನೂ ಒಪ್ಪದೆ, ತಂತಿಗಳಿಗೆ ತೂಕಗಳನ್ನು ಕಟ್ಟಿ ನಾದದ ನಿಯಮಗಳನ್ನು ತಾನೇ ಪರೀಕ್ಷಿಸಿದವನು. ಮಗನು ವೈದ್ಯನಾಗಿ ನಾಲ್ಕು ಕಾಸು ಸಂಪಾದಿಸಲೆಂದು ತಂದೆಯು 1581ರಲ್ಲಿ ಅವನನ್ನು ಪೀಸಾದ ವಿಶ್ವವಿದ್ಯಾಲಯಕ್ಕೆ ಸೇರಿಸಿದನು. ಮಗನ ಮನಸ್ಸಾದರೋ ರೇಖಾಗಣಿತದಲ್ಲಿ ನೆಟ್ಟಿತು. 1585ರಲ್ಲಿ ಪದವಿಯನ್ನು ಪಡೆಯದೆಯೇ ಆತನು ವಿಶ್ವವಿದ್ಯಾಲಯವನ್ನು ಬಿಟ್ಟನು. ನಾಲ್ಕು ವರ್ಷಗಳ ತರುವಾಯ ಅಲ್ಲಿಯೇ ಗಣಿತದ ಉಪಾಧ್ಯಾಯನಾದನು. ಸಂಬಳವು ವರ್ಷಕ್ಕೆ 60 ಸ್ಕೂಡಿ ಮಾತ್ರ. 1591ರಲ್ಲಿ ತಂದೆಯು ತೀರಿಕೊಳ್ಳಲು ಮನೆಯ ಭಾರವೂ ತಂಗಿಯರ ವರದಕ್ಷಿಣೆಯ ಹೊರೆಯೂ ಆತನ ಹೆಗಲಿಗೇ ಬಂದವು. 1592ರಲ್ಲಿ ಪಾದುವಾಕ್ಕೆ ಹೋಗಿ ಅಲ್ಲಿ 18 ವರ್ಷ ಪಾಠ ಹೇಳಿದನು.

ಆಗಿನ ವಿದ್ಯಾಪೀಠಗಳಲ್ಲಿ ಗ್ರೀಕ್ ತತ್ತ್ವಜ್ಞಾನಿಯಾದ ಅರಿಸ್ಟಾಟಲನ ಮಾತೇ ಪ್ರಮಾಣವಾಗಿತ್ತು. ಪದಾರ್ಥವು ಎಷ್ಟು ಭಾರವೋ ಅಷ್ಟು ಬೇಗನೆ ಬೀಳುವುದೆಂಬುದು ಆತನ ಮತವು. ಗೆಲಿಲಿಯೋ ಇದನ್ನು ಒಂದು ಯುಕ್ತಿಯಿಂದಲೇ ಅಲುಗಾಡಿಸಿದನು. ಹತ್ತು ಸೇರಿನ ಕಲ್ಲಿಗೆ ಒಂದು ಸೇರಿನ ಕಲ್ಲನ್ನು ಕಟ್ಟಿ ಬಿಟ್ಟರೆ, ನಿಧಾನವಾಗಿ ಬೀಳುವ ಚಿಕ್ಕದು ದೊಡ್ಡದನ್ನು ತಡೆಯಬೇಕು. ಆದರೆ ಎರಡೂ ಸೇರಿ ಹನ್ನೊಂದು ಸೇರಾದುದರಿಂದ ಇನ್ನೂ ಬೇಗನೆ ಬೀಳಲೂ ಬೇಕು. ಒಂದೇ ವಸ್ತುವು ಏಕಕಾಲದಲ್ಲಿ ನಿಧಾನವೂ ಶೀಘ್ರವೂ ಆಗುವುದೆಂತು? ಆದುದರಿಂದ ಗಾಳಿಯ ತಡೆಯಿಲ್ಲದಿದ್ದರೆ ಎಲ್ಲ ವಸ್ತುಗಳೂ ಸಮನಾಗಿ ಬೀಳತಕ್ಕುವೆಂದು ಆತನು ನಿರ್ಣಯಿಸಿದನು. ಪೀಸಾದ ಓರೆಗೋಪುರದಿಂದ ಗುಂಡುಗಳನ್ನು ಬಿಟ್ಟು ಪಂಡಿತರ ಮುಖಭಂಗ ಮಾಡಿದನೆಂಬ ಕಥೆಯು ಬಲು ಪ್ರಸಿದ್ಧವು; ಆದರೆ ಅದು ಶಿಷ್ಯನಾದ ವಿವಿಯಾನಿಯು ತರುವಾಯ ಬರೆದ ಚರಿತ್ರೆಯಿಂದ ಬಂದುದು, ಇತಿಹಾಸಜ್ಞರಲ್ಲಿ ಅನೇಕರು ಅದನ್ನು ನಂಬುವುದಿಲ್ಲ. ಅಂತಹ ಪರೀಕ್ಷೆಯ ವೃತ್ತಾಂತವನ್ನು ಹಾಲೆಂಡಿನ ಸೈಮನ್ ಸ್ಟೆವಿನನು 1586ರಲ್ಲಿಯೇ ಪ್ರಕಟಿಸಿದ್ದನು.

ಗೆಲಿಲಿಯೋವಿನ ನಿಜವಾದ ಹಿರಿಮೆಯು ಗೋಪುರದಲ್ಲಿಲ್ಲ, ಒಂದು ಮರದ ತೊಲೆಯಲ್ಲಿದೆ. ನೆಟ್ಟಗೆ ಬೀಳುವ ಕಲ್ಲು ಎವೆಯಿಕ್ಕುವುದರೊಳಗೆ ನೆಲಕ್ಕೆ ತಾಗುವುದು. ಅದನ್ನು ಅಳೆಯತಕ್ಕ ಗಡಿಯಾರವು ಆಗ ಇರಲಿಲ್ಲ. ಆದುದರಿಂದ ಆತನು ಬೀಳುವಿಕೆಯನ್ನೇ ನಿಧಾನಗೊಳಿಸಿದನು. ಸುಮಾರು 12 ಮೊಳದ ತೊಲೆಯಲ್ಲಿ ನುಣುಪಾದ ಗಾಡಿಯನ್ನು ಕೊರೆಯಿಸಿ, ಅದಕ್ಕೆ ನಯವಾದ ಚರ್ಮಪತ್ರವನ್ನು ಅಂಟಿಸಿ, ತೊಲೆಯ ಒಂದು ತುದಿಯನ್ನು ತುಸು ಎತ್ತಿ, ಕಂಚಿನ ಗುಂಡನ್ನು ಉರುಳಬಿಟ್ಟನು. ನೀರು ತುಂಬಿದ ದೊಡ್ಡ ಪಾತ್ರೆಯ ತಳಕ್ಕೆ ಸಣ್ಣ ನಳಿಗೆಯನ್ನಿರಿಸಿ, ಗುಂಡು ಉರುಳುವಷ್ಟು ಹೊತ್ತು ಸುರಿದ ನೀರನ್ನು ತಕ್ಕಡಿಯಲ್ಲಿ ತೂಗಿ ಕಾಲವನ್ನು ಅಳೆದನು. ಹೀಗೆ ನೂರಾರು ಸಲ ಮಾಡಿದನು. ಪ್ರತಿ ಸಲವೂ ಒಂದೇ ನಿಯಮವು ತೋರಿಬಂದಿತು: ಕಾಲವು ಇಮ್ಮಡಿಯಾದರೆ ದೂರವು ನಾಲ್ಮಡಿ, ಮುಮ್ಮಡಿಯಾದರೆ ಒಂಬತ್ತು ಮಡಿ. ಸಮನಾದ ಕಾಲಭಾಗಗಳಲ್ಲಿ ಕ್ರಮಿಸಿದ ದೂರಗಳು 1, 3, 5, 7 ಎಂಬ ಬೆಸಸಂಖ್ಯೆಗಳಂತೆ ಬೆಳೆಯುವುವು. ಇಂದಿನ ಅಳತೆಯಂತೆ ನೆಟ್ಟಗೆ ಬೀಳುವ ಕಲ್ಲು ಮೊದಲನೆಯ ಸೆಕೆಂಡಿನಲ್ಲಿ ಸುಮಾರು 16 ಅಡಿ, ಎರಡನೆಯದರಲ್ಲಿ 48, ಮೂರನೆಯದರಲ್ಲಿ 80 ಅಡಿ ಇಳಿಯುವುದು. ಅಂದರೆ ಅದರ ವೇಗವು ಸೆಕೆಂಡು ಸೆಕೆಂಡಿಗೂ ಸುಮಾರು 32 ಅಡಿಯಂತೆ, ಮೆಟ್ರಿಕ್ ಮಾನದಲ್ಲಿ 9.8 ಮೀಟರಿನಂತೆ, ಹೆಚ್ಚುತ್ತ ಹೋಗುವುದು.

ಇಲ್ಲಿ ಒಂದು ವಿಷಯವನ್ನು ವಾಚಕರು ಗಮನಿಸಬೇಕು. 1604ರಲ್ಲಿ ತನ್ನ ಮಿತ್ರನಾದ ಪಾವೋಲೋ ಸಾರ್ಪಿಗೆ ಬರೆದ ಪತ್ರದಲ್ಲಿ ಗೆಲಿಲಿಯೋ ಈ ನಿಯಮವನ್ನು ಸರಿಯಾಗಿಯೇ ತಿಳಿಸಿದನು. ಅದಕ್ಕೆ ಕೊಟ್ಟ ಆಧಾರವು ಮಾತ್ರ ತಪ್ಪಾಗಿತ್ತು. ವೇಗವು ಬಿದ್ದ ದೂರಕ್ಕೆ ತಕ್ಕಂತೆ ಹೆಚ್ಚುವುದೆಂದು ಆತನು ಆಗ ಭಾವಿಸಿದ್ದನು. ಕಾಲಕ್ಕೆ ತಕ್ಕಂತೆ ಹೆಚ್ಚುವುದೆಂಬುದು ಆತನಿಗೆ ಗೊತ್ತಾದುದು ಮುಂದೆ. ಆಗ ಹಳೆಯ ಅಭಿಪ್ರಾಯವನ್ನು ಬಿಟ್ಟುಕೊಟ್ಟನು. ಮಾತ್ರವಲ್ಲ, ತಾನೂ ಒಮ್ಮೆ ಅದೇ ತಪ್ಪಿನಲ್ಲಿದ್ದೆನೆಂಬುದನ್ನು ಗ್ರಂಥದಲ್ಲಿ ಮುಚ್ಚಿಡಲಿಲ್ಲ. ಪರರ ತಪ್ಪನ್ನು ತೋರಿಸುವ ಧೈರ್ಯವು ಹಲವರಲ್ಲುಂಟು. ತನ್ನ ತಪ್ಪನ್ನು ಒಪ್ಪುವ ಧೈರ್ಯವು ದುರ್ಲಭವು.

ಮುಂದಿನ ವೃತ್ತಾಂತವು ಲೋಕವಿದಿತವು. 1610ರಲ್ಲಿ ದೂರದರ್ಶಕದಿಂದ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡು ಕೀರ್ತಿಯನ್ನು ಪಡೆದು ಫ್ಲಾರೆನ್ಸಿನ ರಾಜಾಶ್ರಯಕ್ಕೆ ಬಂದನು. ಭೂಮಿಯು ಸೂರ್ಯನನ್ನು ಸುತ್ತುವುದೆಂಬ ಮತವನ್ನು ಹಿಡಿಯಬಾರದೆಂದು 1616ರಲ್ಲಿ ಧರ್ಮಾಧಿಕಾರಿಗಳು ಎಚ್ಚರಿಸಿದರು. 1632ರಲ್ಲಿ ಅದೇ ವಿಷಯವಾಗಿ ಸಂವಾದರೂಪದ ಗ್ರಂಥವನ್ನು ಪ್ರಕಟಿಸಲು ವಿಚಾರಣೆಗೆ ಗುರಿಯಾದನು. 1633ನೆಯ ಜೂನ್ 22ರಂದು ರೋಮಿನಲ್ಲಿ, ಸುಮಾರು ಎಪ್ಪತ್ತರ ಆ ಮುದುಕನು ಮೊಣಕಾಲೂರಿ ತನ್ನ ಮತವನ್ನು ತ್ಯಜಿಸಿದೆನೆಂದು ನುಡಿಯಬೇಕಾಯಿತು.

ಅಲ್ಲಿಗೆ ಆತನ ಕಥೆ ಮುಗಿಯಿತೆಂದೇ ವಿರೋಧಿಗಳು ತಿಳಿದಿರಬೇಕು. ಫ್ಲಾರೆನ್ಸಿನ ಬಳಿಯ ಆರ್ಚೆತ್ರಿಯ ಮನೆಯೇ ಆತನಿಗೆ ಸೆರೆಮನೆಯಾಯಿತು. 1634ರಲ್ಲಿ, ಸಂನ್ಯಾಸಿನಿಯಾಗಿದ್ದ ಅಚ್ಚುಮೆಚ್ಚಿನ ಹಿರಿಯ ಮಗಳು ತೀರಿಹೋದಳು. ದೃಷ್ಟಿಯೂ ಮಂದವಾಗುತ್ತ ಬಂದಿತು. ಇಂತಹ ಸ್ಥಿತಿಯಲ್ಲಿ ಆತನು ಪಾದುವಾದ ಹಳೆಯ ಲೆಕ್ಕಗಳನ್ನು ಹೊರತೆಗೆದು, ಬೀಳುವ ವಸ್ತುಗಳ ಶಾಸ್ತ್ರವನ್ನು ಕ್ರಮವಾಗಿ ಬರೆದು ಮುಗಿಸಿದನು. ಆತನ ಗ್ರಂಥಗಳ ಮುದ್ರಣಕ್ಕೆ ಧರ್ಮಪೀಠದ ಪ್ರತಿಬಂಧವಿದ್ದುದರಿಂದ ಎರಡು ಹೊಸ ಶಾಸ್ತ್ರಗಳನ್ನು ಕುರಿತ ಆ ಗ್ರಂಥವು 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಆತನ ಎರಡು ಕಣ್ಣುಗಳೂ ಹೋಗಿದ್ದವು. 1642ನೆಯ ಜನವರಿ 8ರಂದು ಆತನು ಕಾಲವಶನಾದನು.

ವೇಗವು ಏಕೆ ಹೆಚ್ಚುವುದೆಂಬ ಪ್ರಶ್ನೆಯನ್ನು ಗೆಲಿಲಿಯೋ ಬೇಕೆಂದೇ ಬದಿಗಿಟ್ಟಿದ್ದನು. ಮೊದಲು ಹೇಗೆಂಬುದು ತಿಳಿಯಲಿ ಎಂಬುದು ಆತನ ಮಾರ್ಗವು. ಕಾರಣವನ್ನು ನ್ಯೂಟನನು 1687ರಲ್ಲಿ ವಿವರಿಸಿದನು. ಭೂಮಿಯ ಸೆಳೆತವು ಒಂದು ಕ್ಷಣವೂ ನಿಲ್ಲದೆ ಇರುವುದರಿಂದ, ಇದ್ದ ವೇಗಕ್ಕೆ ಕ್ಷಣಕ್ಷಣಕ್ಕೂ ಹೊಸ ವೇಗವು ಕೂಡುತ್ತ ಹೋಗುವುದು. ಭಾರವಾದ ವಸ್ತುವಿನ ಮೇಲೆ ಸೆಳೆತವು ಹೆಚ್ಚು. ಆದರೆ ಅದನ್ನು ಚಲಿಸುವಂತೆ ಮಾಡುವ ಕಷ್ಟವೂ ಅಷ್ಟೇ ಹೆಚ್ಚು. ಆದುದರಿಂದ ಎಲ್ಲವೂ ಸಮನಾಗಿ ಬೀಳುವುವು. 1971ರಲ್ಲಿ ಅಮೆರಿಕದ ಡೇವಿಡ್ ಸ್ಕಾಟ್ ಎಂಬ ಯಾತ್ರಿಕನು ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಕೈಬಿಡಲು ಎರಡೂ ಒಟ್ಟಿಗೇ ನೆಲವನ್ನು ಮುಟ್ಟಿದವು. 1992ರಲ್ಲಿ ಪೋಪರಾದ ಎರಡನೆಯ ಜಾನ್ ಪಾಲರು ಗೆಲಿಲಿಯೋವಿನ ವಿಷಯದಲ್ಲಿ ಅಂದಿನ ನ್ಯಾಯಾಧಿಪತಿಗಳು ತಪ್ಪಿದರೆಂದು ಒಪ್ಪಿಕೊಂಡರು.

ಅಧಿಕಾರವು ಮನುಷ್ಯನನ್ನು ಮೊಣಕಾಲೂರಿಸಬಲ್ಲುದು. ಬೀಳುವ ಕಲ್ಲಿನ ವೇಗವನ್ನು ಒಂದು ಕೂದಲೆಳೆಯಷ್ಟಾದರೂ ಬದಲಿಸಲಾರದು. ಹಿರಿಯರ ಮಾತೆಂದು ಒಪ್ಪುವ ಮುನ್ನ ತೂಗಿ ನೋಡುವುದು, ತೂಗಿದಾಗ ತನ್ನ ಮಾತೇ ತಪ್ಪೆಂದು ಕಂಡರೆ ತಿದ್ದಿಕೊಳ್ಳುವುದು, ಈ ಎರಡೇ ಗೆಲಿಲಿಯೋ ನಮಗೆ ಬಿಟ್ಟುಹೋದ ಸೊತ್ತು. ಕಚೇರಿಯಲ್ಲಾಗಲಿ ಪಾಠಶಾಲೆಯಲ್ಲಾಗಲಿ ಆ ತಕ್ಕಡಿಗೆ ಇಂದಿಗೂ ಕೆಲಸವು ಮುಗಿದಿಲ್ಲ.